ಚೆಂಡೆಯಿಲ್ಲದೆ ಬರುವ ವೇಷ

ಕಳೆದ ಜನವರಿಯ ಒಂದು ರಾತ್ರಿ, ಪೆರ್ಲದ ನಮ್ಮ ಮನೆಯ ಚಾವಡಿಯಲ್ಲಿ ಅಕ್ಕನ ಮಗನ ಜೊತೆ ಕೂತು ಒಂದು ವೈರಸ್ ಸಿನಿಮಾ ನೋಡಿದೆ. ಒಬ್ಬ ಕೆಮ್ಮಿದ, ಸಂಜೆಯೊಳಗೆ ರಕ್ತ ಕಾರಿ ಬಿದ್ದ, ಮರುದಿನ ಊರಿಗೆ ಊರೇ ಖಾಲಿ. "ಮಾವಾ, ಇದು ಇಲ್ಲಿಗೆ ಬಂದರೆ ನಾವೆಲ್ಲ ಒಂದೇ ವಾರಕ್ಕೆ ಮುಗಿದೆವಲ್ಲ?" ಎಂದ ಹುಡುಗ.

"ಇಲ್ಲ ಮಾರಾಯ. ಅಷ್ಟು ಬೇಗ ಕೊಲ್ಲುವ ವೈರಸ್ ಪೆರ್ಲದವರೆಗೆ ಬಂದು ಮುಟ್ಟುವುದೇ ಕಷ್ಟ" ಎಂದೆ. ಅವನು ನಂಬಲಿಲ್ಲ.

ಎಷ್ಟು ಕೊಲ್ಲುತ್ತದೆ ಎನ್ನುವುದು ಬೇರೆ, ಎಷ್ಟು ಹರಡುತ್ತದೆ ಎನ್ನುವುದು ಬೇರೆ. ಇಂಥ ಸಿನಿಮಾಗಳು ಎರಡನ್ನೂ ಒಂದೇ ಮಾಡಿಬಿಡುತ್ತವೆ. ರೋಗವನ್ನು ತಡೆಯಲು ಸಾಧ್ಯವೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ನಿಂತಿರುವುದು ಇನ್ನೊಂದು ಪ್ರಶ್ನೆಯ ಮೇಲೆ: ರೋಗಿ ಹಾಸಿಗೆ ಹಿಡಿಯುವುದು ಮೊದಲೋ, ಅವನಿಂದ ವೈರಸ್ ಇನ್ನೊಬ್ಬರಿಗೆ ದಾಟುವುದು ಮೊದಲೋ?

ಕುಂಬಳೆ ಸೀಮೆಯವರಿಗೆ ಇದನ್ನು ಯಕ್ಷಗಾನದ ಮಾತಿನಲ್ಲೇ ಹೇಳಬಹುದು. ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವಾಗ ಚೆಂಡೆ ಅಬ್ಬರಿಸುತ್ತದೆ, ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ, ಅಮ್ಮನ ತೊಡೆಯಲ್ಲಿ ಮಲಗಿದ್ದ ಮಗುವೂ ಎದ್ದು ಕೂರುತ್ತದೆ. ಬಾವಲಿಗಳಿಂದ ಬರುವ ನಿಫಾ ವೈರಸ್ ಅಂಥ ವೇಷ. ಅದು ದಾಟುವುದು ಹೆಚ್ಚಾಗಿ ರೋಗಿಗೆ ಜ್ವರ ಏರಿ, ಕೆಮ್ಮು ಜೋರಾಗಿ, ಪಕ್ಕದಲ್ಲಿ ಯಾರೋ ಆರೈಕೆಗೆ ಕೂತಾಗ. ಕೋವಿಡ್ ಹಾಗಲ್ಲ. ಅದು ಪಂಚವಟಿಗೆ ಭಿಕ್ಷೆಗೆ ಬಂದ ಕಪಟ ಸನ್ಯಾಸಿ. ಜ್ವರ ಬರುವ ಒಂದೆರಡು ದಿನ ಮೊದಲೇ, ಆರಾಮಾಗಿ ಬಸ್ಸಿನಲ್ಲಿ ಕೂತವನಿಂದಲೇ ಹೊರಟಿರುತ್ತದೆ. ಹಾವಿನ ಮಾತಿನಲ್ಲಿ ಹೇಳುವುದಾದರೆ ಒಂದು ಹೆಡೆಯೆತ್ತಿ ಬುಸುಗುಟ್ಟುವ ನಾಗರ, ಇನ್ನೊಂದು ಚಾಪೆಯಲ್ಲಿ ಮಲಗಿದವನನ್ನು ನೋವೇ ತಿಳಿಯದಂತೆ ಕಚ್ಚುವ ಕಟ್ಟು ಹಾವು.

ಸಿಡುಬನ್ನು ಭೂಮಿಯಿಂದಲೇ ಓಡಿಸಲು ಆದದ್ದಕ್ಕೆ ಲಸಿಕೆಯ ಜೊತೆಗೆ ಈ ಗುಣವೂ ಕಾರಣ. ಗುಳ್ಳೆ ಏಳುವ ಹೊತ್ತಿಗೇ ಅದು ಹರಡುತ್ತಿದ್ದದ್ದು, ಗುಳ್ಳೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರ ಹಿಡಿದು "ಹೀಗಿರುವವರು ಯಾರಾದರೂ ಇದ್ದಾರಾ?" ಎಂದು ಮನೆಮನೆ ಕೇಳಿದರು, ಸಿಕ್ಕಿದವರ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಮಾರಿಯ ಮುನಿಸೆಂದು ಶತಮಾನಗಳ ಕಾಲ ನಂಬಿದ್ದ ರೋಗ ಭಾರತದಲ್ಲಿ 1975ಕ್ಕೆ ನಿಂತೇಹೋಯಿತು. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ರೋಗ 8,000ಕ್ಕೂ ಹೆಚ್ಚು ಜನರಿಗೆ ತಗಲಿತು. ಆದರೂ ಕೆಲವೇ ತಿಂಗಳಲ್ಲಿ ಅದನ್ನು ಕಟ್ಟಿಹಾಕಿದರು. ಅದೂ ಚೆಂಡೆ ಬಾರಿಸಿಕೊಂಡೇ ಬಂದದ್ದು. ಅದೇ ಕುಲದ ಕೋವಿಡ್ ವೈರಸ್ಸಿಗೆ ಈ ಉಪಾಯ ಸಾಲಲಿಲ್ಲ. ದೇಶದ ಮೂರನೇ ರೋಗಿ ಪತ್ತೆಯಾದದ್ದು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ರಂದು. ಮಾರ್ಚಿನಲ್ಲಿ ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಅಡ್ಡವಾಗಿ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಈಚೆಗೇ ಉಳಿದರು, ವೈರಸ್ ಎರಡೂ ಕಡೆ ಬೆಳೆಯಿತು.

2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಎದ್ದಾಗ ಅದನ್ನು ಬೇಗ ಗುರುತಿಸಿದ್ದು ಮಣಿಪಾಲದ ಪ್ರಯೋಗಾಲಯ. ತಗಲಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಅಷ್ಟು ಭೀಕರ ರೋಗ ಮುಖ್ಯವಾಗಿ ಆಸ್ಪತ್ರೆಗಳೊಳಗೇ ಸುತ್ತಾಡಿ, ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ನಿಗಾದಲ್ಲಿಟ್ಟಾಗ ನಿಂತಿತು.

ಒಂದು ಸಿನಿಮಾವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ, 2011ರ 'ಕಂಟೇಜಿಯನ್'. ಕೊನೆಯ ದೃಶ್ಯದಲ್ಲಿ ಬಾವಲಿಯ ಬಾಯಿಂದ ಬಾಳೆಹಣ್ಣಿನ ಚೂರು ಹಂದಿಯ ದೊಡ್ಡಿಗೆ ಬೀಳುತ್ತದೆ, ಮರಿಯೊಂದು ಅದನ್ನು ತಿನ್ನುತ್ತದೆ. 1998ರಲ್ಲಿ ಮಲೇಷ್ಯಾದಲ್ಲಿ ನಿಫಾ ಮೊದಲು ಕಾಣಿಸಿಕೊಂಡದ್ದು ಹಂದಿ ಸಾಕುವವರಲ್ಲಿ. ಆ ದೊಡ್ಡಿಗಳ ಪಕ್ಕದಲ್ಲೇ ಹಣ್ಣಿನ ಮರಗಳಿದ್ದವು.

ನಮ್ಮ ತೋಟದಲ್ಲೂ ಬೆಳಗಾದರೆ ಬಾವಲಿ ಚೀಪಿ ಉದುರಿಸಿದ ಅಡಿಕೆ ಬಿದ್ದಿರುತ್ತದೆ, ಹಲ್ಲಿನ ಗುರುತು, ಇನ್ನೂ ಒದ್ದೆಯಾದ ಸಿಪ್ಪೆಯ ನಾರು. ಬಾವಲಿ ಕೂರುವ ಮರ ಕಡಿಯಬೇಕು ಎಂದು ವಾದಿಸುವವರು ನಮ್ಮಲ್ಲಿದ್ದಾರೆ. ಕಡಿದರೆ ಬಾವಲಿಗಳು ಇನ್ನೊಬ್ಬರ ತೋಟಕ್ಕೆ ಹೋಗುತ್ತವೆ, ಅಷ್ಟೇ. ಮರುದಿನ ಬೆಳಿಗ್ಗೆ ಅಡಿಕೆ ಹೆಕ್ಕಲು ಹೊರಟ ಹುಡುಗನಿಗೆ ಒಂದು ಜೊತೆ ಕೈಗವಸು ಕೊಟ್ಟೆ. ಬುಟ್ಟಿ ತುಂಬಿಸಿ ಬಂದವನು ಬಾವಿಕಟ್ಟೆಯ ಹತ್ತಿರ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯುತ್ತಾ ಕೇಳಿದ, "ಮಾವಾ, ನಿಫಾಕ್ಕೆ ಲಸಿಕೆ ಯಾವಾಗ ಬರುತ್ತದೆ?"