ಮೈದಾನ ದೂರವಾದ ಮೇಲೆ: ಬೆಂಗಳೂರಿನ ಕ್ಲಬ್ ಕ್ರಿಕೆಟ್ ನಡೆದುಬಂದ ದಾರಿ

ಬೆಂಗಳೂರು ದಕ್ಷಿಣದ ಹಳೆಯ ಬಡಾವಣೆಯೊಂದರ ಕ್ರಿಕೆಟ್ ಕ್ಲಬ್ಬನ್ನು ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಹಿಂಬಾಲಿಸಿಕೊಂಡು ಬಂದಿದ್ದೇನೆ. ಕೆಎಸ್‌ಸಿಎ ಎಂದೇ ಎಲ್ಲರ ಬಾಯಲ್ಲಿರುವ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೀಗ್‌ನಲ್ಲಿ, ಕೆಳಗಿನ ಡಿವಿಷನ್ ಒಂದರಲ್ಲಿ ಆಡುವ ತಂಡವದು. ಈ ಋತುವಿನಲ್ಲಿ ಅದು ಇನ್ನೂ ಕೆಳಕ್ಕೆ ಇಳಿಯದೆ ಉಳಿದುಕೊಂಡಿತು. ಕೊನೆಯ ಪಂದ್ಯಗಳಲ್ಲಿ ಹುಡುಗರು ಚೆನ್ನಾಗಿ ಆಡಿದ್ದು ಒಂದು ಕಾರಣವಾದರೆ, ಮಳೆಗೆ ರದ್ದಾದ ಪಂದ್ಯಗಳಲ್ಲಿ ಹಂಚಿಕೆಯಾದ ಅಂಕಗಳು ಇನ್ನೊಂದು ಕಾರಣ. ಅಂಕಪಟ್ಟಿ ನೋಡಿದವರಿಗೆ ಇಷ್ಟೇ ಕಾಣುತ್ತದೆ. ಆದರೆ ಒಂದೇ ಒಂದು ಪಂದ್ಯವೂ ಕ್ಲಬ್ಬಿನ ಬಡಾವಣೆಯಲ್ಲಿ ನಡೆಯಲಿಲ್ಲ ಎಂಬುದು, ಕೆಲವು ವಾರಗಳಲ್ಲಿ ಹನ್ನೊಂದು ಮಂದಿಯನ್ನು ಹೊಂದಿಸುವುದೇ ದೊಡ್ಡ ಕೆಲಸವಾಗಿತ್ತು ಎಂಬುದು, ಬೌಂಡರಿ ಗೆರೆಯಾಚೆ ಕುಳಿತು ನೋಡಿದವರೆಲ್ಲ ಬಹುಮಟ್ಟಿಗೆ ಆಟಗಾರರ ಮನೆಯವರೇ ಎಂಬುದು ಆ ಪಟ್ಟಿಯಲ್ಲಿ ಬರುವುದಿಲ್ಲ.

ಹೀಗಾಗಲು ಕಾರಣವೇನು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಐಪಿಎಲ್ ಬಂದು ಎಲ್ಲ ಕೆಟ್ಟಿತು ಎನ್ನುವವರಿದ್ದಾರೆ. ಕ್ಲಬ್‌ಗಳು ಸಂಸ್ಥೆಯ ಚುನಾವಣೆಯ ಮತಗಳಾಗಿಬಿಟ್ಟವು ಎನ್ನುವವರಿದ್ದಾರೆ. ನಿವೇಶನಗಳ ಬೆಲೆ ಏರಿದ್ದೇ ಮೂಲ ಎನ್ನುವವರೂ, ಈಗಿನ ಹುಡುಗರಿಗೆ ಕ್ಲಬ್ಬಿನ ಅಭಿಮಾನವೇ ಇಲ್ಲ ಎನ್ನುವವರೂ ಇದ್ದಾರೆ. ಪ್ರತಿಯೊಂದು ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಇವುಗಳಲ್ಲಿ ಯಾವುದು ಮೊದಲು ಬಂತು, ಯಾವುದು ಅದರ ಬೆನ್ನಿಗೆ ಬಂತು ಎಂಬುದನ್ನು ಬಿಡಿಸಿ ನೋಡದೆ ಮಾತಾಡಿದರೆ ಚರ್ಚೆ ಗೋಜಲಾಗುತ್ತದೆ, ಮತ್ತು ಈಗ ಆಗಿರುವುದೂ ಅದೇ.

1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಬ್ರಿಟಿಷರೊಂದಿಗೆ ಬಂದ ಈ ಆಟ ಕಾಲೇಜು, ಶಾಲೆಗಳ ಮೂಲಕ ಪೇಟೆಯ ಕಡೆಗೂ ಹರಡಿತು. 1933ರಲ್ಲಿ ಇಂದಿನ ಕೆಎಸ್‌ಸಿಎ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯೆಂಬ ಹೆಸರಿನಲ್ಲಿ ಹುಟ್ಟಿತು. ಮರುವರ್ಷ ನವೆಂಬರ್ 4ರಂದು ಚೆಪಾಕ್‌ನಲ್ಲಿ ನಡೆದ ರಣಜಿ ಟೂರ್ನಿಯ ಮೊತ್ತಮೊದಲ ಪಂದ್ಯದಲ್ಲಿ ಮೈಸೂರು ತಂಡ 48 ಮತ್ತು 59 ರನ್‌ಗಳಿಗೆ ಉರುಳಿ, ಮದ್ರಾಸಿಗೆ ಒಂದೇ ದಿನದಲ್ಲಿ ಇನಿಂಗ್ಸ್ ಸೋಲು ಒಪ್ಪಿಸಿತು. ಅಲ್ಲಿಂದ 1973–74ರಲ್ಲಿ ಬಾಂಬೆಯ ಸತತ ಹದಿನೈದು ಪ್ರಶಸ್ತಿಗಳ ಓಟವನ್ನು ಮುರಿದು ಕರ್ನಾಟಕ ರಣಜಿ ಟ್ರೋಫಿ ಎತ್ತಿಹಿಡಿಯುವವರೆಗಿನ ನಾಲ್ಕು ದಶಕಗಳ ಏರಿಕೆಗೆ ಬುನಾದಿಯಾಗಿದ್ದದ್ದು ಲೀಗ್. ಸಿಟಿ ಕ್ರಿಕೆಟರ್ಸ್, ಸ್ವಸ್ತಿಕ್ ಯೂನಿಯನ್, ಬೆಂಗಳೂರು ಯುನೈಟೆಡ್, ಜವಾನ್ಸ್, ಮಲ್ಲೇಶ್ವರಂ ಜಿಮ್ಖಾನಾ, ರಾಜಾಜಿನಗರ ಕ್ರಿಕೆಟರ್ಸ್ ಮೊದಲಾದ ಹೆಸರುಗಳು ಪತ್ರಿಕೆಯ ಕ್ರೀಡಾ ಪುಟದ ಸಣ್ಣಕ್ಷರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಬಾಲ್ಯದಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿದ್ದ ಬಿ.ಎಸ್. ಚಂದ್ರಶೇಖರ್ ಬೀದಿಯ ರಬ್ಬರ್ ಚೆಂಡನ್ನು ಬಿಟ್ಟು ಲೆದರ್ ಚೆಂಡು ಹಿಡಿಯಬೇಕೆಂದೇ ಸಿಟಿ ಕ್ರಿಕೆಟರ್ಸ್ ಸೇರಿದರು; 1964ರ ಆರಂಭದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ಕ್ಲಬ್ಬಿನ ಬಾಗಿಲು ಅಷ್ಟು ಹತ್ತಿರದಲ್ಲಿತ್ತು ಮತ್ತು ತೆರೆದೇ ಇತ್ತು.

ಆ ಬಾಗಿಲು ತೆರೆದಿರಲು ಸಾಧ್ಯವಾದದ್ದು ಪಿಚ್ ಮೇಲೆ ಹಾಸುತ್ತಿದ್ದ ತೆಂಗಿನ ನಾರಿನ ಮ್ಯಾಟ್‌ನಿಂದ ಎಂಬುದು ನನ್ನ ನಂಬಿಕೆ. 80 ಮತ್ತು 90ರ ದಶಕದಲ್ಲಿ ಲೀಗ್‌ನ ಕೆಳಗಿನ ಡಿವಿಷನ್‌ಗಳ ಪಂದ್ಯಗಳು ಸಾಮಾನ್ಯವಾಗಿ ಮ್ಯಾಟ್ ಮೇಲೆಯೇ ನಡೆಯುತ್ತಿದ್ದವು, ಮತ್ತು ಮ್ಯಾಟ್ ಹಾಕುವ ಕೆಲಸವೇ ಆ ಭಾನುವಾರಗಳ ಮೊದಲ ಅಧ್ಯಾಯವಾಗಿತ್ತು. ಸುರುಳಿ ಸುತ್ತಿದ ಮ್ಯಾಟನ್ನು ನಾಲ್ಕೈದು ಹುಡುಗರು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಪೊರಕೆಯಿಂದ ಗುಡಿಸಿ, ನೀರು ಚಿಮುಕಿಸಿ ಸಮ ಮಾಡಿದ ಮಣ್ಣಿನ ಮೇಲೆ ಅದನ್ನು ಬಿಚ್ಚಿ, ಒಂದು ತುದಿಗೆ ಮೊದಲು ಮೊಳೆ ಹೊಡೆಯುತ್ತಿದ್ದರು. ಇನ್ನೊಂದು ತುದಿಯನ್ನು ನಾಲ್ಕು ಜನ ಹಿಮ್ಮಡಿ ಊರಿ ಎಳೆದು ಹಿಡಿದರೆ, ಅಂಚಿನ ಉದ್ದಕ್ಕೂ ಸುತ್ತಿಗೆ ಹಿಡಿದವನು ಮೊಳೆ ಕೂರಿಸುತ್ತ ಹೋಗುತ್ತಿದ್ದ. ಎಲ್ಲಾದರೂ ಸಡಿಲ ಉಳಿದರೆ ಅಲ್ಲಿ ಬಿದ್ದ ಚೆಂಡು ನೆಲ ಹಿಡಿಯುತ್ತಿತ್ತು. ಬಿಗಿಯಾಗಿ ಕೂತರೆ ಎದೆಯೆತ್ತರಕ್ಕೆ ಪುಟಿಯುತ್ತಿತ್ತು. ಅಂಪೈರ್ ಬಂದು ಅಂಚನ್ನು ಕಾಲಿನಿಂದ ಒತ್ತಿ ನೋಡಿ ಒಪ್ಪಿದ ಮೇಲೆಯೇ ಟಾಸ್.

ಆ ಮ್ಯಾಟ್ ಕರ್ನಾಟಕದ ಬ್ಯಾಟಿಂಗ್‌ಗೆ ಒಂದು ಶೈಲಿಯನ್ನು ಕೊಟ್ಟಿತು. ಚೆಂಡು ನಂಬಿಕೆಗೆ ಅರ್ಹವಾಗಿ ಎದ್ದು ಬರುವಾಗ ಹಿಂಗಾಲಿನ ಮೇಲೆ ನಿಂತು ಆಡುವುದು ಸಹಜವಾಗುತ್ತದೆ. ಕಟ್ ಮತ್ತು ಪುಲ್ ಬೇಗ ಕೈಗೆ ಹತ್ತುತ್ತವೆ. ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್‌ನಿಂದ ಹಿಡಿದು ರಾಹುಲ್ ದ್ರಾವಿಡ್ ಪೀಳಿಗೆಯವರ ಹಿಂಗಾಲಿನ ಆಟದವರೆಗೆ ಮ್ಯಾಟ್ ಮೇಲಿನ ಬಾಲ್ಯದ ಗುರುತು ಇದೆಯೆಂದು ಆ ಆಟವನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಆದರೆ ಮ್ಯಾಟ್‌ನ ಇನ್ನೊಂದು ಉಪಕಾರವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಳಗ್ಗೆ ಹಾಸಿ ಸಂಜೆ ಸುತ್ತಿಟ್ಟರೆ ಮೈದಾನ ಮತ್ತೆ ಊರಿನದು. ಅದೇ ಬಯಲಿನಲ್ಲಿ ಸೋಮವಾರ ಶಾಲೆಯ ಮಕ್ಕಳ ಡ್ರಿಲ್, ಸಂಜೆ ವಾಯುವಿಹಾರ, ಮಧ್ಯೆ ಒಂದು ಸಾರ್ವಜನಿಕ ಸಭೆ ನಡೆದರೂ ಮುಂದಿನ ಭಾನುವಾರದ ಲೀಗ್ ಪಂದ್ಯಕ್ಕೆ ಅಡ್ಡಿಯಿರಲಿಲ್ಲ. ಕಾಲೇಜಿನ ಮೈದಾನ, ಪಾಲಿಕೆಯ ಮೈದಾನ, ಶಾಲೆಯ ಹಿಂದಿನ ಬಯಲು, ಎಲ್ಲವೂ ಹೀಗೆ ಯಾವುದಾದರೊಂದು ಕ್ಲಬ್ಬಿನ ಮನೆಯಂಗಳವಾಗಿದ್ದವು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರು ನಿಂತು ಎರಡು ಓವರ್ ನೋಡಿ, ಸ್ಕೋರರ್ ಮೇಜಿನ ಬಳಿ ಬಂದು ಯಾರು ಎಷ್ಟು ಹೊಡೆದರೆಂದು ಕೇಳಿ ಹೋಗುತ್ತಿದ್ದರು. ನನ್ನಂಥ ಬೆಂಬಲಿಗರು ಹುಟ್ಟಿದ್ದೇ ಹಾಗೆ. ಯಾರೂ ನಮ್ಮನ್ನು ಕರೆದಿರಲಿಲ್ಲ, ಆಟ ದಾರಿಯಲ್ಲಿತ್ತು.

ಆಟಗಾರರನ್ನು ಊರಿನಲ್ಲಿ ಉಳಿಸಿದ್ದು ಮಾತ್ರ ನೌಕರಿ. ಬ್ಯಾಂಕುಗಳೂ ಸಾರ್ವಜನಿಕ ವಲಯದ ಕಾರ್ಖಾನೆಗಳೂ ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ಸೇರಿಸಿಕೊಂಡು ತಮ್ಮದೇ ತಂಡಗಳನ್ನು ಕಟ್ಟಿದ್ದವು. ರಾಜ್ಯ ತಂಡದ ಹೊಸ್ತಿಲಲ್ಲೇ ನಿಂತುಹೋದ ಹುಡುಗನಿಗೂ ಅಲ್ಲೊಂದು ಗುಮಾಸ್ತನ ಮೇಜು, ತಿಂಗಳ ಸಂಬಳ, ಅಭ್ಯಾಸಕ್ಕೆ ಬಿಡುವು ಸಿಗುವ ಆಸೆಯಿತ್ತು. ಕ್ಲಬ್‌ನಲ್ಲಿ ಚೆನ್ನಾಗಿ ಆಡಿದರೆ ಬ್ಯಾಂಕಿನವರ ಕಣ್ಣಿಗೆ ಬೀಳಬಹುದು ಎಂಬ ಆ ಒಂದೇ ನಿರೀಕ್ಷೆಯಲ್ಲಿ ಬಡಾವಣೆಯ ಎಷ್ಟೋ ಮನೆಗಳು ಮಕ್ಕಳನ್ನು ಭಾನುವಾರ ಮೈದಾನಕ್ಕೆ ಬಿಟ್ಟವು. ಆರ್ಥಿಕ ಉದಾರೀಕರಣದ ನಂತರ ಈ ನೇಮಕಾತಿ ಸೊರಗುತ್ತ ಬಂತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಮೂರು ವರ್ಷಗಳಲ್ಲಿ ಅಳಿದದ್ದನ್ನು ಗ್ರಾಹಕರು ತಮ್ಮ ಪಾಸ್‌ಬುಕ್ಕಿನಲ್ಲಿ ಗಮನಿಸಿದರು, ನಾವು ಕ್ರಿಕೆಟ್‌ನವರು ಇನ್ನೊಂದು ನಷ್ಟವನ್ನೂ ಅದರಲ್ಲಿ ಕಂಡೆವು.

90ರ ದಶಕದ ಮಧ್ಯಭಾಗದಲ್ಲಿ ಇದಾವುದೂ ನಷ್ಟವಾಗಿ ತೋರುತ್ತಿರಲಿಲ್ಲ. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ಡೇವಿಡ್ ಜಾನ್ಸನ್ ಎಲ್ಲರೂ 1996ರ ಹೊತ್ತಿಗೆ ಭಾರತದ ಟೆಸ್ಟ್ ತಂಡದ ಬಾಗಿಲು ದಾಟಿದ್ದರು. ಮೈಸೂರಿನ ಶ್ರೀನಾಥ್ ಅವರನ್ನು ವಿಶ್ವನಾಥ್ ಗುರುತಿಸಿದ್ದು ಒಂದು ಕ್ಲಬ್ ಪಂದ್ಯದಲ್ಲಿ. 1989–90ರಲ್ಲಿ ಹೈದರಾಬಾದ್ ವಿರುದ್ಧ ತಮ್ಮ ಚೊಚ್ಚಲ ರಣಜಿ ಪಂದ್ಯದಲ್ಲೇ ಅವರು ಹ್ಯಾಟ್ರಿಕ್ ಪಡೆದರು. ರಾಜ್ಯ 1995–96, 1997–98, 1998–99ರಲ್ಲಿ ರಣಜಿ ಗೆದ್ದಿತು. ವ್ಯವಸ್ಥೆ ಇಷ್ಟು ಫಲ ಕೊಡುತ್ತಿರುವಾಗ ಅದರ ಬೇರಿನಲ್ಲಿ ಏನಾಗುತ್ತಿದೆಯೆಂದು ಅಗೆದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ನನ್ನ ಪ್ರಕಾರ ಕಥೆಯ ನಡುಗೀಲು ಇರುವುದು ಮ್ಯಾಟ್‌ನಿಂದ ಟರ್ಫ್‌ಗೆ, ಅಂದರೆ ಮಣ್ಣು ಹುಲ್ಲಿನ ಪಿಚ್‌ಗೆ, ಆದ ಬದಲಾವಣೆಯಲ್ಲಿ. ಅದು ತಪ್ಪು ನಿರ್ಧಾರವೆಂದು ಹೇಳಲಾಗದು. ರಣಜಿ ಪಂದ್ಯಗಳು ಟರ್ಫ್ ಮೇಲೆ ನಡೆಯುವಾಗ ಹುಡುಗರು ಮ್ಯಾಟ್ ಮೇಲೆಯೇ ಆಡಿಕೊಂಡಿದ್ದರೆ ಮೇಲಿನ ಹಂತಕ್ಕೆ ಹೋದಾಗ ತಡವರಿಸುತ್ತಾರೆ. ಸ್ವಿಂಗ್ ಎಸೆಯುವವನಿಗೂ, ಸವೆದ ಪಿಚ್‌ನಲ್ಲಿ ಸ್ಪಿನ್ ಆಡಬೇಕಾದವನಿಗೂ ಟರ್ಫ್ ಬೇಕೇ ಬೇಕು. ಆದರೆ ಟರ್ಫ್ ಪಿಚ್‌ಗೆ ಜೇಡಿಮಣ್ಣು ಬೇಕು, ರೋಲರ್ ಬೇಕು, ನೀರು ಬೇಕು, ದಿನವೂ ನೋಡಿಕೊಳ್ಳುವ ಮಾಲಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅದರ ಮೇಲೆ ಬೇರೆ ಯಾರೂ ಕಾಲಿಡದಂತೆ ಬೇಲಿ ಬೇಕು. ಒಂದೇ ಸಂಜೆ ಒಂದರೊಳಗೊಂದು ಸೇರಿಕೊಂಡು ಹತ್ತು ಟೆನಿಸ್ ಬಾಲ್ ಪಂದ್ಯ ನಡೆಯುವ ಸಾರ್ವಜನಿಕ ಬಯಲಿನಲ್ಲಿ ಅದನ್ನು ಕಾಪಾಡುವುದು ಸಾಧ್ಯವಿಲ್ಲದ ಮಾತು. ಹಾಗಾಗಿ ಟರ್ಫ್ ಹೆಚ್ಚಿದಂತೆಲ್ಲ ಲೀಗ್ ಬೇಲಿಯಿರುವ ಕಡೆಗೆ ಸರಿಯಿತು: ಖಾಸಗಿ ಕಾಲೇಜುಗಳ ಮೈದಾನ, ಕಾರ್ಖಾನೆಗಳ ಮೈದಾನ, ನಗರದಂಚಿನಲ್ಲಿ ಬಾಡಿಗೆಗೆ ಸಿಗುವ ಮೈದಾನ. ಸಂಸ್ಥೆಯೇ ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿ ಮೂರು ಮೈದಾನಗಳ ಸಂಕೀರ್ಣವನ್ನು ಕಟ್ಟಿತು. ಅಲ್ಲಿನ ಪಿಚ್ ಮತ್ತು ಔಟ್‌ಫೀಲ್ಡ್ ನೋಡಿದರೆ ಹಳೆಯ ಆಟಗಾರರಿಗೆ ಅಸೂಯೆಯಾಗುವಷ್ಟು ಚೆನ್ನಾಗಿವೆ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಬಸವನಗುಡಿ, ಜಯನಗರದ ಕಡೆಯ ಹುಡುಗನೊಬ್ಬ ಕಿಟ್ ಬ್ಯಾಗ್ ಹೊತ್ತು ಬೆಳಗಿನ ಪಂದ್ಯಕ್ಕೆ ಅಲ್ಲಿರಬೇಕಾದರೆ ಕತ್ತಲಿರುವಾಗಲೇ ಮನೆ ಬಿಡಬೇಕು, ಮತ್ತು ಅವನ ಆಟವನ್ನು ಅವನ ಬೀದಿಯವರು ನೋಡುವ ಪ್ರಶ್ನೆಯೇ ಬರುವುದಿಲ್ಲ.

ಲೀಗ್ ಬಿಟ್ಟುಹೋದ ಬಯಲುಗಳೂ ಮೊದಲಿನಂತೆ ಉಳಿಯಲಿಲ್ಲ. ಕೆಲವು ಕಡೆ ಸುತ್ತ ಕಾಂಪೌಂಡ್ ಎದ್ದಿತು, ಕೆಲವು ಕಡೆ ನಡಿಗೆ ಪಥವೂ ವ್ಯಾಯಾಮದ ಉಪಕರಣಗಳೂ ಬಂದವು, ಕೆಲವು ಮೈದಾನಗಳು ವರ್ಷದ ಹಲವು ವಾರ ವಸ್ತುಪ್ರದರ್ಶನ ಮತ್ತು ಮೇಳಗಳಿಗೆ ಮೀಸಲಾದವು. ನಡಿಗೆ ಪಥ ಬೇಡವೆಂದು ಹೇಳಲು ನನಗೆ ಮನಸ್ಸಿಲ್ಲ. ವಯಸ್ಸಾದವರಿಗೆ ಅದು ಬೇಕು. ಆದರೆ ಒಂದು ಕ್ಲಬ್ ಪ್ರತಿ ಭಾನುವಾರ ಅಲ್ಲಿ ಆಡುತ್ತಿದ್ದಿದ್ದರೆ ಆ ಜಾಗಕ್ಕಾಗಿ ದನಿಯೆತ್ತುವವರು ಇರುತ್ತಿದ್ದರು. ಬಳಸುವವರು ಹೋದ ಮೇಲೆ ಬಯಲನ್ನು ಕೇಳುವವರೂ ಇಲ್ಲವಾದರು.

ಉಳಿದವು ಇದರ ಮೇಲೆ ಬಂದು ಕೂತವು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಐಪಿಎಲ್ ಶುರುವಾಯಿತು. 2009ರಲ್ಲಿ ರಾಜ್ಯದ್ದೇ ಟಿ20 ಟೂರ್ನಿಯಾದ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಬಂದು, 2019ರ ಮ್ಯಾಚ್ ಫಿಕ್ಸಿಂಗ್ ಬಂಧನಗಳ ನಂತರ ನಿಂತು, 2022ರಲ್ಲಿ ಮಹಾರಾಜ ಟ್ರೋಫಿಯಾಗಿ ಬೇರೆ ರೂಪ ಪಡೆಯಿತು. ಹುಡುಗರ ಕಣ್ಣು ಅತ್ತ ಹೋದದ್ದು ಸಹಜ. ಮೊದಲು ಬ್ಯಾಂಕಿನ ನೌಕರಿಗಾಗಿ ಆಡುತ್ತಿದ್ದವರು ಈಗ ಹರಾಜಿನ ಪಟ್ಟಿಗಾಗಿ ಆಡುತ್ತಾರೆ. ಎರಡಕ್ಕೂ ಮೇಲಿನ ಡಿವಿಷನ್ನಿನಲ್ಲಿ ಕಾಣಿಸಿಕೊಳ್ಳಬೇಕು, ಆದ್ದರಿಂದ ಒಳ್ಳೆಯ ಆಟಗಾರ ಒಂದೆರಡು ಋತುಗಳಲ್ಲಿ ಕ್ಲಬ್ ಬದಲಿಸುತ್ತಾನೆ. ಇದನ್ನು ಅಭಿಮಾನದ ಕೊರತೆ ಎನ್ನುವುದು ಅನ್ಯಾಯ. ತನ್ನ ಬೀದಿಯಲ್ಲಿ ಆಡದ, ತನ್ನ ಬೀದಿಯವರು ನೋಡದ ತಂಡದ ಮೇಲೆ ಅಭಿಮಾನ ಎಲ್ಲಿಂದ ಬರಬೇಕು?

ಆಡಳಿತದ ವಿಷಯವೂ ಹೀಗೆಯೇ ಸೇರಿಕೊಂಡಿತು. ಕೆಎಸ್‌ಸಿಎ ಚುನಾವಣೆಯಲ್ಲಿ ಆಜೀವ ಸದಸ್ಯರ ಜತೆಗೆ ಸದಸ್ಯ ಕ್ಲಬ್‌ಗಳಿಗೂ ಮತದ ಹಕ್ಕಿದೆ. ಆ ಹಕ್ಕು ನ್ಯಾಯವಾದದ್ದೇ; ಆಟ ನಡೆಸುವವರಿಗೆ ಆಡಳಿತದಲ್ಲಿ ಮಾತಿರಬೇಕು. ಆದರೆ ಮೈದಾನವೂ ಬೆಂಬಲಿಗರೂ ಇಲ್ಲವಾದ ಕ್ಲಬ್ಬಿನಲ್ಲಿ ಗಟ್ಟಿಯಾಗಿ ಉಳಿಯುವುದು ಆ ಮತವೊಂದೇ ಎಂಬಂತಾದಾಗ, ಕ್ಲಬ್ ಎಂದರೆ ಹನ್ನೊಂದು ಆಟಗಾರರಿಗಿಂತ ಹೆಚ್ಚಾಗಿ ಒಬ್ಬ ಪ್ರತಿನಿಧಿ ಎಂಬ ಭಾವನೆ ಬೆಳೆಯುತ್ತದೆ. ಕ್ರಿಕೆಟ್ ಆಡಳಿತದ ಸುಧಾರಣೆಗೆಂದು ರಚನೆಯಾಗಿದ್ದ ಲೋಧಾ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ ಬಹುತೇಕ ಒಪ್ಪಿದ ಮೇಲೆ ವಯೋಮಿತಿ, ಅಧಿಕಾರಾವಧಿ, ಕಡ್ಡಾಯ ವಿರಾಮ ಇವೇ ಕೆಲವು ವರ್ಷ ಚರ್ಚೆಯ ವಸ್ತುಗಳಾದವು. 2018 ಮತ್ತು 2022ರಲ್ಲಿ ನ್ಯಾಯಾಲಯವೇ ಅವುಗಳಲ್ಲಿ ಕೆಲವನ್ನು ಸಡಿಲಿಸಿತು. ಯಾರು ಎಷ್ಟು ವರ್ಷ ಕುರ್ಚಿಯಲ್ಲಿರಬೇಕು ಎಂಬ ಬಗ್ಗೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಇಷ್ಟು ವಾದ ನಡೆಯಿತು. ಕೆಳಗಿನ ಡಿವಿಷನ್ನಿನ ತಂಡ ಭಾನುವಾರ ಎಲ್ಲಿ ಆಡಬೇಕು ಎಂಬ ಪ್ರಶ್ನೆ ಎಲ್ಲಿಯೂ ಕಟಕಟೆ ಹತ್ತಲಿಲ್ಲ.

ನಮ್ಮ ಕ್ಲಬ್ಬಿನ ಈ ಋತುವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಆರಂಭಿಕ ಬೌಲರ್ ಇಂಜಿನಿಯರಿಂಗ್ ವಿದ್ಯಾರ್ಥಿ. ಸೆಮಿಸ್ಟರ್ ಪರೀಕ್ಷೆ ಬಂದಾಗ ಅವನಿಲ್ಲ. ವಿಕೆಟ್ ಕೀಪರ್ ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದು, ಕಾರಿನಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ, ಪ್ಯಾಡ್ ಕಟ್ಟಿಕೊಂಡ ದಿನಗಳಿವೆ. ಮೈದಾನದ ಬಾಡಿಗೆ, ಚೆಂಡು, ಊಟ, ಓಡಾಟ ಎಲ್ಲ ಸೇರಿದ ಖರ್ಚಿಗೆ ಬರುವ ಅನುದಾನ ಸಾಲದೆ ಹಳೆಯ ಆಟಗಾರರು ಕೈಯಿಂದ ಹಾಕುತ್ತಿದ್ದಾರೆ. ಇಷ್ಟರ ನಡುವೆಯೂ ಬಡಾವಣೆಯ ಸರ್ಕಾರಿ ಶಾಲೆಯ ಎಡಗೈ ಸ್ಪಿನ್ನರ್ ಒಬ್ಬ ಈ ವರ್ಷ ತಂಡಕ್ಕೆ ಬಂದು, ಋತು ಕೊನೆಯಾಗುವ ಹೊತ್ತಿಗೆ ನಾಯಕ ಮೊದಲು ಚೆಂಡು ಕೊಡುವ ಸ್ಪಿನ್ನರ್ ಅವನೇ ಆಗಿದ್ದ. ಟೆನಿಸ್ ಬಾಲ್‌ನಲ್ಲಿ ಬೆಳೆದ ಹುಡುಗ. ಮೊದಲ ಪಂದ್ಯದಲ್ಲಿ ಲೆದರ್ ಚೆಂಡಿನ ಹೊಲಿಗೆಯನ್ನು ಬೆರಳಿನಿಂದ ತಡಕಿ ತಡಕಿ ಹಿಡಿತ ಹುಡುಕುತ್ತಿದ್ದ. ಅವನು ಮುಂದಿನ ಋತುವಿನಲ್ಲಿಯೂ ನಮ್ಮಲ್ಲೇ ಇರುತ್ತಾನೆಂದು ಹೇಳುವ ಧೈರ್ಯ ನನಗಿಲ್ಲ, ಅವನು ಮೇಲಿನ ಡಿವಿಷನ್ನಿಗೆ ಹೋದರೆ ನನಗೆ ಸಂತೋಷವೇ.

ಆಗಬೇಕಾದದ್ದು ದೊಡ್ಡದೇನಲ್ಲ. ಕೆಳಗಿನ ಡಿವಿಷನ್‌ಗಳ ಕೆಲವು ಪಂದ್ಯಗಳನ್ನಾದರೂ ಬಡಾವಣೆಯ ಬಯಲಿನಲ್ಲಿ, ಅಗತ್ಯವಿದ್ದರೆ ಮತ್ತೆ ಮ್ಯಾಟ್ ಹಾಸಿ, ನಡೆಸಲು ಅವಕಾಶ ಕೊಡಬಹುದು. ಪಾಲಿಕೆ ಮತ್ತು ಸರ್ಕಾರಿ ಕಾಲೇಜುಗಳ ಮೈದಾನಗಳಲ್ಲಿ ತಿಂಗಳಿಗೆ ಒಂದು ಭಾನುವಾರವನ್ನು ಆಯಾ ಬಡಾವಣೆಯ ಕ್ಲಬ್ಬಿಗೆ ಮೊದಲೇ ಗೊತ್ತುಮಾಡಿ ಕೊಡಬಹುದು. ಪಂದ್ಯದ ದಿನ ಮತ್ತು ಸ್ಥಳ ವಾರಗಳ ಮೊದಲೇ ತಿಳಿದರೆ ನೋಡಬೇಕೆನ್ನುವವರು ಬರುತ್ತಾರೆ. ಕ್ಲಬ್ಬಿನ ವಾರ್ಷಿಕ ಸಭೆಯ ಮುಂದೆ ಈ ಮೂರನ್ನೂ ಇಡಬೇಕೆಂದು ಹಳೆಯ ಆಟಗಾರರೂ ನಾವು ಕೆಲವು ಬೆಂಬಲಿಗರೂ ಸೇರಿ ಬರೆದಿರುವ ಮನವಿಗೆ ಈಗ ಸಹಿ ಸಂಗ್ರಹಿಸುತ್ತಿದ್ದೇವೆ. ಸಭೆ ಒಪ್ಪಿದರೆ ಅದು ಸಂಸ್ಥೆಗೂ ಪಾಲಿಕೆಗೂ ಹೋಗುತ್ತದೆ.