ಸಾವಿರ ಜನರೂ ಇಲ್ಲದ ಊರಿಗೆ ಅರಮನೆಯಂಥ ಕೋರ್ಟು ಯಾಕೆ?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನಲ್ಲಿ ನಾಲ್ಕು ಅಂಗಡಿ ಇರುವ ಊರಲ್ಲೂ ಗಡಿಯಾರದ ಗೋಪುರ ಹೊತ್ತ ದೊಡ್ಡ ಕೋರ್ಟು ಕಾಣುತ್ತದೆ. ಅಲ್ಲಿನವರು ಅಷ್ಟೊಂದು ಜಗಳ ಆಡ್ತಾರಾ?

ಉತ್ತರ: ಆಡುತ್ತಿದ್ದರು. ಆದರೆ ಕೋರ್ಟಿನೊಳಗಲ್ಲ, ಕೋರ್ಟು ಯಾವ ಊರಿಗೆ ಬರಬೇಕು ಅಂತ.

ಮೊದಲು ಒಂದು ಮಾತು. ಕೌಂಟಿ ಅಂದರೆ ನಮ್ಮ ತಾಲ್ಲೂಕು, ಜಿಲ್ಲೆಯಂಥ ಆಡಳಿತ ವಿಭಾಗ. ಅದರ ಕೋರ್ಟ್‌ಹೌಸ್ ಬರೀ ಕೋರ್ಟಲ್ಲ. ಜಮೀನಿನ ಪತ್ರ, ತೆರಿಗೆ, ಮದುವೆ ಲೈಸೆನ್ಸ್, ಎಲ್ಲವೂ ಅಲ್ಲೇ. ನಮ್ಮ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ಕೋರ್ಟು ಮೂರನ್ನೂ ಒಂದೇ ಸೂರಿನಡಿ ತಂದಂತೆ. ಅದು ಇದ್ದ ಊರಿಗೆ ವಕೀಲರು ಬರುತ್ತಾರೆ, ಹೋಟೆಲ್ ಬರುತ್ತದೆ, ಜಮೀನಿನ ಬೆಲೆ ಏರುತ್ತದೆ. ಅದು ಕೈತಪ್ಪಿದ ಎಷ್ಟೋ ಊರುಗಳು ನಕ್ಷೆಯಿಂದಲೇ ಅಳಿಸಿಹೋದವು.

ಕಾನ್ಸಾಸ್ ರಾಜ್ಯದ ಕಾಟನ್‌ವುಡ್ ಫಾಲ್ಸ್ ನೋಡಿ. 2020ರ ಜನಗಣತಿಯಲ್ಲೂ ಅಲ್ಲಿ ಸಾವಿರ ಜನ ಇರಲಿಲ್ಲ. ಅಲ್ಲಿನ ಚೇಸ್ ಕೌಂಟಿ ಕೋರ್ಟ್‌ಹೌಸ್ 1873ರಲ್ಲಿ ಮುಗಿಯಿತು. ಖರ್ಚು ಸುಮಾರು 40,000 ಡಾಲರ್. 1870ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ 2,000ದ ಆಸುಪಾಸು. ಮಕ್ಕಳು ಮರಿ ಸೇರಿಸಿ ಲೆಕ್ಕ ಹಾಕಿದರೂ ತಲೆಗೆ 20 ಡಾಲರ್ ಆಯಿತು! ಯಾಕೆ ಇಷ್ಟು ಧೈರ್ಯ? ಅದೇ ಹೊತ್ತಿಗೆ ಮುಖ್ಯ ರೈಲು ಹಳಿ ಊರೊಳಗೆ ಬರದೆ ಉತ್ತರಕ್ಕೆ ಸುಮಾರು ಎರಡು ಮೈಲಿ ದೂರದಲ್ಲಿ ಹಾದುಹೋಗಿತ್ತು. ಅಲ್ಲೊಂದು ಹೊಸ ಊರು ತಲೆಯೆತ್ತುತ್ತಿತ್ತು. ಕಲ್ಲಿನಲ್ಲಿ ಕಟ್ಟಿಬಿಟ್ಟರೆ ಕೋರ್ಟನ್ನು ಯಾರೂ ಹೊತ್ತೊಯ್ಯಲಾರರು, ಅಲ್ವಾ? ಊರಿನವರು ಹೀಗೇ ಯೋಚಿಸಿರಬೇಕು ಅನ್ನುವುದು ನನ್ನ ಅಂದಾಜು.

ಕಲ್ಲಿಗೇನೂ ಬರ ಇರಲಿಲ್ಲ. ಇದು ಫ್ಲಿಂಟ್ ಹಿಲ್ಸ್ ಸೀಮೆ. ಗೇಣು ಮಣ್ಣು ಕೆದಕಿದರೆ ಸುಣ್ಣಕಲ್ಲು. ನೇಗಿಲು ಇಳಿಯದ್ದಕ್ಕೇ ಇಲ್ಲಿ ಹುಲ್ಲುಗಾವಲು ಇನ್ನೂ ಉಳಿದಿದೆ. ರೈತನಿಗೆ ಕಾಟ ಕೊಟ್ಟ ಅದೇ ಕಲ್ಲಿನಿಂದ ಕಟ್ಟಡ ಎದ್ದಿತು. ವಿನ್ಯಾಸ ಜಾನ್ ಹ್ಯಾಸ್ಕೆಲ್ ಅವರದು. ಕಾನ್ಸಾಸ್ ವಿಧಾನಭವನದ ಕೆಲಸದಲ್ಲೂ ಅವರ ಕೈ ಇದೆ. ಶೈಲಿ ಮಾತ್ರ ದೂರದ ಪ್ಯಾರಿಸ್‌ನದು. ಮೂರನೇ ನೆಪೋಲಿಯನ್ ಕಾಲದಲ್ಲಿ ಅಲ್ಲಿ ಹುಟ್ಟಿದ ಫ್ಯಾಷನ್ ಇದು: ಗೋಡೆಯಂತೆ ಕಡಿದಾಗಿ ನಿಂತ ಮ್ಯಾನ್ಸರ್ಡ್ ಚಾವಣಿ, ಅದರಲ್ಲೇ ಕಿಟಕಿ. ಹೀಗಾಗಿ ಮಾಡಿನೊಳಗೂ ಒಂದು ಪೂರ್ತಿ ಮಹಡಿ ಸಿಗುತ್ತದೆ. ಒಳಗೆ ವಾಲ್‌ನಟ್ ಮರದ ಸುರುಳಿ ಮೆಟ್ಟಿಲು ಮೇಲಿನವರೆಗೂ ಸುತ್ತಿಕೊಂಡು ಹೋಗುತ್ತದೆ. ನನ್ನನ್ನು ಕೇಳಿದರೆ ಗೋಪುರಕ್ಕಿಂತ ಇದೇ ಚೆಂದ. ಜೈಲು ಕೂಡ ಇದೇ ಕಟ್ಟಡದೊಳಗಿತ್ತು.

ಕಾನ್ಸಾಸ್‌ನಲ್ಲೇ ಇತರ ಕಡೆ ಜಗಳ ಬಂದೂಕಿಗೆ ಹೋಯಿತು. 1889ರ ಜನವರಿಯಲ್ಲಿ ಗ್ರೇ ಕೌಂಟಿಯ ಇಂಗಲ್ಸ್ ಊರಿನ ಪರವಾಗಿ ಬಂದವರು ಎದುರಾಳಿ ಊರು ಸಿಮರಾನ್‌ಗೆ ನುಗ್ಗಿದ್ದು ದುಡ್ಡಿಗಲ್ಲ, ಕೌಂಟಿಯ ದಾಖಲೆ ಪುಸ್ತಕಗಳಿಗೆ. ಗುಂಡು ಹಾರಿತು, ಒಬ್ಬರು ಸತ್ತರು. ಕಾಟನ್‌ವುಡ್ ಫಾಲ್ಸ್‌ನಲ್ಲಿ 1859ರಲ್ಲೇ ಪತ್ರಿಕೆ ಶುರುಮಾಡಿದ್ದ ಸ್ಯಾಮ್ ವುಡ್ ಮುಂದೆ ಸ್ಟೀವನ್ಸ್ ಕೌಂಟಿಯಲ್ಲಿ ಇಂಥದೇ ಜಗಳಕ್ಕೆ ಇಳಿದರು. 1891ರಲ್ಲಿ ಅಲ್ಲಿನ ಹ್ಯೂಗೋಟನ್ ಊರಲ್ಲಿ ಕೋರ್ಟಿಗೆ ಹೋದಾಗ ಅವರನ್ನು ಗುಂಡಿಟ್ಟು ಕೊಂದರು. ಅಲ್ಲಿ ಆಗ ಕೋರ್ಟು ನಡೆಯುತ್ತಿದ್ದದ್ದು ಚರ್ಚೊಂದರಲ್ಲಿ.

ಚೇಸ್ ಕೌಂಟಿಯ ಕಟ್ಟಡ ಮ್ಯೂಸಿಯಂ ಆಗಿಲ್ಲ. ಕಾನ್ಸಾಸ್‌ನಲ್ಲಿ ಈಗಲೂ ಬಳಕೆಯಲ್ಲಿರುವ ಕೌಂಟಿ ಕೋರ್ಟ್‌ಹೌಸ್‌ಗಳಲ್ಲಿ ಇದೇ ಹಳೆಯದು. ಜನ ತೆರಿಗೆ ಕಟ್ಟಲು ಇವತ್ತಿಗೂ ಅಲ್ಲಿಗೇ ಹೋಗುತ್ತಾರೆ.