ಅಚ್ಚಿನ ತಪ್ಪೋ, ಆಮೇಲಿನ ಪೆಟ್ಟೋ?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಮಣ್ಣು ಕೆದಕುವಾಗ 2011ರ ಸರಣಿಯ ಐದು ರೂಪಾಯಿ ನಾಣ್ಯ ಸಿಕ್ಕಿತು ಅಂದುಕೊಳ್ಳಿ. ಹಳದಿ ಇರಬೇಕಾದದ್ದು ತಾಮ್ರದ ಹಾಗೆ ಕೆಂಪಗಿದೆ. ಟಂಕಸಾಲೆಯವರು ತಪ್ಪಿ ತಾಮ್ರದ ಬಿಲ್ಲೆಗೆ ಅಚ್ಚು ಹೊಡೆದಿದ್ದಾರೆ, ಲಕ್ಷಗಟ್ಟಲೆ ಬೆಲೆ ಬರುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆದರೆ ಈ ನಾಣ್ಯ ನಿಕ್ಕಲ್ ಹಿತ್ತಾಳೆಯದು. ಅದರಲ್ಲಿ ತಾಮ್ರದ ಜೊತೆ ಸತುವೂ ಇದೆ. ಮಲೆನಾಡಿನ ಮಣ್ಣು ಹುಳಿ. ನಾಲ್ಕಾರು ಮಳೆಗಾಲ ಅದರಲ್ಲಿ ನೆನೆದರೆ ಸತು ಮೊದಲು ಕರಗುತ್ತದೆ, ಮೇಲೆ ತಾಮ್ರ ಉಳಿಯುತ್ತದೆ. ಭೂತಗನ್ನಡಿ ಹಿಡಿದರೆ ಮೈಯೆಲ್ಲ ಸಣ್ಣ ಗುಳಿ ಕಾಣುತ್ತವೆ. ಅದು ಮಣ್ಣಿನ ಕೆಲಸ.

ಬಿಲ್ಲೆ ಕತ್ತರಿಸಿ, ಅಂಚು ಎಬ್ಬಿಸಿ, ಎರಡು ಅಚ್ಚುಗಳ ನಡುವೆ ಒತ್ತುವ ತನಕ ಆದದ್ದು ಮಾತ್ರ ಟಂಕಸಾಲೆಯ ತಪ್ಪು. ಹಾಗಾಗಿ ಮೊದಲು ಕೇಳಬೇಕಾದ್ದು ಒಂದೇ: ಆ ಯಂತ್ರ ಇದನ್ನು ಮಾಡಲು ಸಾಧ್ಯವಾ?

ಹತ್ತು ರೂಪಾಯಿಯನ್ನೇ ನೋಡಿ. ಹೊರಗೆ ಹಳದಿ ಬಳೆ, ನಡುವೆ ಬಿಳಿ ಲೋಹದ ಬಿಲ್ಲೆ. ಎರಡನ್ನೂ ಜೋಡಿಸಿಟ್ಟು ಒಂದೇ ಸಲ ಒತ್ತುತ್ತಾರೆ, ಆ ಒತ್ತಡಕ್ಕೇ ಅವು ಬೆಸೆದುಕೊಳ್ಳುತ್ತವೆ. ಒಂದು ಮುಖದ ಬಳೆಗೂ ನಡುವಿನ ಬಿಲ್ಲೆಗೂ ಅಚ್ಚು ಒಂದೇ. ಹೀಗಿರುವಾಗ ಅಂಚಿನ ಬರಹ ನೆಟ್ಟಗಿದ್ದು, ನಡುವಿನ ಸಿಂಹ ಮಾತ್ರ ತಲೆಕೆಳಗಾಗಿರಲು ಸಾಧ್ಯವೇ ಇಲ್ಲ. ಯಾರೋ ನಡುಭಾಗವನ್ನು ಹೊಡೆದು ತೆಗೆದು, ತಿರುಗಿಸಿ ಕೂರಿಸಿದ್ದಾರೆ. ಸೇರುವ ಗೆರೆಯಲ್ಲಿ ಹತಾರದ ಗೀರು ಹುಡುಕಿ. ನಡುಬಿಲ್ಲೆ ಪಕ್ಕಕ್ಕೆ ಸರಿದು ಕೂತಿದ್ದರೆ ಅದು ಬೇರೆ ವಿಷಯ, ಯಂತ್ರದಲ್ಲಿ ಹಾಗಾಗುವುದುಂಟು. ಆಗಲೂ ಚಿತ್ರ ಮಾತ್ರ ಎರಡೂ ಲೋಹಗಳ ಮೇಲೆ ತಪ್ಪದೆ ಮುಂದುವರಿದಿರುತ್ತದೆ.

ಗೀರು ಬಂದರೆ ಇನ್ನೂ ಸುಲಭ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರಿಗೆ ಗೊತ್ತು, ಮರದ ಅಚ್ಚು ಸೀಳಿದ್ದರೆ ಸಕ್ಕರೆ ಗೊಂಬೆಯ ಮೇಲೆ ಉಬ್ಬಿದ ಗೆರೆ ಬರುತ್ತದೆ. ನಾಣ್ಯದಲ್ಲೂ ಅಷ್ಟೇ. ಅಚ್ಚಿನ ಬಿರುಕಿಗೆ ಲೋಹ ನುಗ್ಗಿ ಉಬ್ಬುಗೆರೆಯಾಗುತ್ತದೆ. ಒಳಕ್ಕೆ ಇಳಿದ ಗೆರೆ ಸಾಮಾನ್ಯವಾಗಿ ಆಮೇಲೆ ಆದ ಗೀರು.

ಅಂಚು ಕಚ್ಚಿದಂತಿರುವ ನಾಣ್ಯಗಳಲ್ಲಿ ಮೋಸ ಜಾಸ್ತಿ. ಲೋಹದ ತಗಡಿನಿಂದ ಬಿಲ್ಲೆ ಕತ್ತರಿಸುವ ಪಂಚ್, ಹಿಂದಿನ ಬಿಲ್ಲೆ ತೆಗೆದ ತೂತಿನ ಮೇಲೆ ಅರೆಬರೆ ಬಿದ್ದರೆ ಬಿಲ್ಲೆಯ ಒಂದು ಮೂಲೆ ಹೋಗಿರುತ್ತದೆ. ಅಂಚು ಎಬ್ಬಿಸುವಾಗ ಅಲ್ಲಿ ಲೋಹವಿಲ್ಲ, ಆದ್ದರಿಂದ ಎದುರು ಬದಿಗೂ ಒತ್ತಡ ಸರಿಯಾಗಿ ಬೀಳುವುದಿಲ್ಲ. ಹೀಗಾಗಿ ನಿಜವಾದದ್ದರಲ್ಲಿ ಕಚ್ಚಿನ ನೇರ ಎದುರಿನ ಅಂಚು ಮಾಸಲಾಗಿರುವುದೇ ಹೆಚ್ಚು. ಕಚ್ಚಿನ ಪಕ್ಕದ ಅಕ್ಷರವೂ ಎಳೆದಂತೆ ಹರಡಿರುತ್ತದೆ. ಅರದಲ್ಲಿ ಉಜ್ಜಿದ್ದರೆ ಅಕ್ಷರ ಕತ್ತರಿಸಿದಂತೆ ನಿಂತುಬಿಡುತ್ತದೆ, ಎದುರಂಚು ಚೆನ್ನಾಗೇ ಇರುತ್ತದೆ.

ಚಿನ್ನದಂಗಡಿಯ ತಕ್ಕಡಿ ಸಿಕ್ಕರೆ ತೂಗಿ ನೋಡಿ. 2011ರ ಸರಣಿಯ ಐದು ರೂಪಾಯಿ 6 ಗ್ರಾಂ, ಹತ್ತು ರೂಪಾಯಿ 7.71 ಗ್ರಾಂ. ಚಿತ್ರ ಪಕ್ಕಕ್ಕೆ ಸರಿದು ಅಚ್ಚಾಗಿದ್ದರೂ ತೂಕ ಕಮ್ಮಿಯಾಗುವುದಿಲ್ಲ.

ಈ ಲೆಕ್ಕವನ್ನು ಕೆಳದಿ ನಾಯಕರ ಹಳೆಯ ಚಿನ್ನದ ನಾಣ್ಯವಾದ ವರಹಕ್ಕೆ ಹಚ್ಚಬೇಡಿ. ಅವು ಕೈಯಲ್ಲಿ ಹೊಡೆದವು. ಅಂಚು ಕಾಯುವ ಉಂಗುರವಿಲ್ಲ, ಹಾಗಾಗಿ ಹಿಂಬದಿಯ ‘ಶ್ರೀ ಸದಾಶಿವ’ದಲ್ಲಿ ಅಕ್ಷರ ಹೊರಗುಳಿಯುವುದು ಮಾಮೂಲು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಹೈದರ್ ಅಲಿಯ ವರಹದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಅವನ ಹೆಸರಿನ ಪರ್ಷಿಯನ್ ಅಕ್ಷರ. ಅದು ಅಚ್ಚು ಅದಲುಬದಲಾದದ್ದಲ್ಲ. ಜನ ನಂಬಿದ್ದ ಚಿತ್ರವನ್ನು ಅವನು ಬೇಕೆಂದೇ ಉಳಿಸಿಕೊಂಡ. ನನಗೆ ಇವು ತಪ್ಪಿ ಅಚ್ಚಾದ ಯಾವ ‘ಎರರ್’ ನಾಣ್ಯಕ್ಕಿಂತಲೂ ಹೆಚ್ಚು.

ಅನುಮಾನದ ನಾಣ್ಯ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನೋಡಬೇಕಾದ ಗುರುತೆಲ್ಲ ಮೇಲ್ಮೈಯಲ್ಲೇ ಇರುತ್ತದೆ. ಪಿವಿಸಿ ಪ್ಲಾಸ್ಟಿಕ್ ಚೀಲವೂ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಅದರಿಂದ ಆಮ್ಲ ಹೊರಟು ತಾಮ್ರ ಇರುವ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ. ಒಣಗಿದ ಕಾಗದದ ಕವರ್ ಸಾಕು.